ರೊಟ್ಟಿ ಬಿಡಬೇಡಿ, ಎಣ್ಣೆ ಅಳೆಯಿರಿ: ನಮ್ಮ ಕಡೆಯ ಊಟದಲ್ಲೇ ತೂಕ ಇಳಿಸುವ ಕ್ರಮ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ತೂಕ ಇಳಿಸಬೇಕೆಂದು ಹೊರಟವರು ಮೊದಲು ಬಿಡುವುದು ರೊಟ್ಟಿಯನ್ನು, ಇಲ್ಲವೇ ಅನ್ನವನ್ನು. ಎರಡು ವಾರ ಓಟ್ಸ್ ಕುದಿಸಿ ಕುಡಿಯುತ್ತಾರೆ. ಮೂರನೇ ವಾರಕ್ಕೆ ಹಸಿವು ತಡೆಯಲಾಗದೆ ಮತ್ತೆ ಮೂರು ರೊಟ್ಟಿ, ಅದರ ಮೇಲೆ ಅನ್ನ-ಸಾರು. ಇಳಿದ ಒಂದೂವರೆ ಕಿಲೋ ಹತ್ತೇ ದಿನದಲ್ಲಿ ಮರಳಿ ಬರುತ್ತದೆ. ಇಷ್ಟು ಕಷ್ಟಪಡುವ ಅಗತ್ಯವೇ ಇಲ್ಲ. ಜೋಳ, ಕಾಳು, ಸೊಪ್ಪು, ಮೊಸರು, ಶೇಂಗಾ, ಅಗಸಿ ಎಲ್ಲವೂ ನಮ್ಮ ತಾಟಿನಲ್ಲೇ ಇವೆ. ಹದ ತಪ್ಪಿರುವುದು ಅಳತೆಯಲ್ಲಿ. ಪಲ್ಯದ ಎಣ್ಣೆ, ಚಹಾದ ಸಕ್ಕರೆ, ಸಂಜೆಯ ಮಿರ್ಚಿ ಬಜಿ, ರೊಟ್ಟಿ ಮುಗಿದ ಮೇಲೆ ಬರುವ ಅನ್ನ, ಈ ನಾಲ್ಕು ಕಡೆ ಅಳತೆ ಸರಿಪಡಿಸಿದರೆ ಹೆಚ್ಚಿನವರಿಗೆ ಬೇರೆ ಪಥ್ಯ ಬೇಕಾಗುವುದಿಲ್ಲ.

ಮೊದಲ ವಾರ ಊಟ ಬದಲಿಸಬೇಡಿ, ಬರೀ ಅಳೆಯಿರಿ

ಅಡುಗೆಮನೆಗೆ ಒಂದು ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ, 15 ಮಿ.ಲೀ. ಮತ್ತು 5 ಮಿ.ಲೀ. ಅಳತೆ ಚಮಚ, ದರ್ಜಿಯವರ ಬಳಿ ಇರುವಂಥ ಟೇಪು, ಒಂದು ನೋಟ್‌ಬುಕ್ಕು ತಂದಿಟ್ಟುಕೊಳ್ಳಿ.

ಸೊಂಟದ ಸುತ್ತಳತೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವಿನ ಜಾಗದಲ್ಲಿ ಟೇಪು ಸುತ್ತಿ, ಉಸಿರು ಸಹಜವಾಗಿ ಹೊರಬಿಟ್ಟಾಗ ಓದಬೇಕು. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಮೋಸ ಹೋಗುವವರು ನೀವೇ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಎಂದು ತಿಳಿಯಬೇಕು. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಹತ್ತಿರದ ನಂಟು ಈ ಕೊಬ್ಬಿನದೇ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು 'ನನ್ನ ತೂಕ ಬರೋಬ್ಬರಿ ಐತಿ' ಎಂದು ಸುಮ್ಮನಿರಬಾರದು.

ತೂಕದ ಲೆಕ್ಕಕ್ಕೆ ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 165 ಸೆಂ.ಮೀ. ಎತ್ತರದವರಿಗೆ 62-63 ಕಿಲೋ ಮೊದಲ ಗೆರೆ, 68 ಕಿಲೋ ಎರಡನೇ ಗೆರೆ.

ಆ ವಾರ ತಿಂದದ್ದನ್ನೆಲ್ಲ ಬರೆಯಿರಿ. ಒಲೆ ಹತ್ತಿರ ನಿಂತು ಬಾಯಿಗೆ ಹಾಕಿಕೊಂಡ ಶೇಂಗಾ, ಮಗು ತಾಟಿನಲ್ಲಿ ಬಿಟ್ಟದ್ದು ಹಾಳಾಗಬಾರದೆಂದು ತಿಂದ ಅರ್ಧ ಚಪಾತಿ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಪೇಡಾ, ಎಲ್ಲವೂ ಪುಸ್ತಕಕ್ಕೆ ಬರಲಿ. ಮನೆಯಲ್ಲಿ ಅಡುಗೆ ಮಾಡುವ ಹೆಣ್ಣುಮಕ್ಕಳ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಎಲ್ಲರಿಗೂ ಬಡಿಸಿ ತಾವು ಕೂಡುವಾಗ ಮೂರು ಗಂಟೆ ಆಗಿರುತ್ತದೆ, ಅಷ್ಟರಲ್ಲಿ ನಿಂತಲ್ಲೇ ಒಂದು ಊಟದಷ್ಟು ಒಳಗೆ ಹೋಗಿರುತ್ತದೆ.

ಎಣ್ಣೆ: ಡಬ್ಬಿ ಮೇಲೆ ತಾರೀಖು ಬರೆಯಿರಿ

ಒಂದು ಗ್ರಾಂ ಸಕ್ಕರೆಯಲ್ಲಿ ಸುಮಾರು 4 ಕ್ಯಾಲರಿ, ಹಿಟ್ಟಿನಲ್ಲಿ ಸುಮಾರು ಮೂರೂವರೆ, ಒಂದು ಗ್ರಾಂ ಎಣ್ಣೆಯಲ್ಲಿ 9. ಒಂದು ಊಟದ ಚಮಚ, ಅಂದರೆ 15 ಮಿ.ಲೀ. ಎಣ್ಣೆಗೆ 120 ಕ್ಯಾಲರಿ. ಕುಸುಬಿ, ಶೇಂಗಾ, ಸೂರ್ಯಕಾಂತಿ ಯಾವುದೇ ಇರಲಿ, ಗಾಣದ್ದೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಗಾಣದ ಎಣ್ಣೆಗೆ ರುಚಿ, ವಾಸನೆ ಚೆನ್ನಾಗಿರುತ್ತದೆ, ನಿಜ. ಆದರೆ 'ಗಾಣದ್ದೈತಿ, ಏನೂ ಆಗಂಗಿಲ್ಲ' ಎಂದು ಕೈ ಬಿಟ್ಟು ಸುರಿದರೆ ಹೊಟ್ಟೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲರಿ ಬೇಕಾದವರಿಗೆ ಎಣ್ಣೆ-ತುಪ್ಪ ಎಲ್ಲ ಸೇರಿ ಸುಮಾರು 27 ಗ್ರಾಂ ಎಂದಿದೆ. ನಿಮ್ಮ ಮನೆಯ ಲೆಕ್ಕ ತಿಳಿಯುವುದು ಸುಲಭ. ಹೊಸ ಡಬ್ಬಿ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ 5 ಲೀಟರ್ ಡಬ್ಬಿ 30 ದಿನಕ್ಕೆ ಮುಗಿದರೆ ತಲಾ ದಿನಕ್ಕೆ 38 ಗ್ರಾಂ ಆಯಿತು. ತಿಂಗಳಿಗೆ 3 ಲೀಟರಿಗೆ ಇಳಿಸಿದರೆ ತಲಾ 23 ಗ್ರಾಂ. ಹೀಗೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 135 ಕ್ಯಾಲರಿ ಉಳಿಯುತ್ತದೆ, ತಾಟಿನಲ್ಲಿ ಒಂದು ತುತ್ತೂ ಕಡಿಮೆಯಾಗಿರುವುದಿಲ್ಲ.

ಅಡುಗೆ ಕೆಡದಂತೆ ಎಣ್ಣೆ ಇಳಿಸುವುದು ಹೇಗೆ ಎಂಬುದನ್ನು ನಮ್ಮ ಬದನೆಕಾಯಿ ಎಣ್ಣೆಗಾಯಿಯಲ್ಲೇ ನೋಡೋಣ. ಹೆಸರಿನಲ್ಲೇ ಎಣ್ಣೆ ಇರುವ ಪಲ್ಯ ಇದು. ಇದರಲ್ಲಿ ಸಾಧ್ಯವಾದರೆ ಉಳಿದದ್ದೆಲ್ಲ ಸಲೀಸು.

ಬದನೆಕಾಯಿಯ ತಿರುಳು ಸ್ಪಂಜಿನಂತೆ, ಒಳಗೆಲ್ಲ ಗಾಳಿ. ಹಸಿಯಾಗಿದ್ದಾಗಲೇ ಬಿಸಿ ಎಣ್ಣೆಗೆ ಹಾಕಿದರೆ ಗಾಳಿ ಹೊರಗೆ, ಎಣ್ಣೆ ಒಳಗೆ. ಬಾಣಲೆ ಒಣಗಿದಂತೆ ಕಂಡು ಮತ್ತಷ್ಟು ಸುರಿಯುತ್ತೇವೆ. ಕಡೆಗೆ ಅರ್ಧ ಕಿಲೋ ಕಾಯಿಗೆ ಅರ್ಧ ಬಟ್ಟಲು ಎಣ್ಣೆ, ಅಂದರೆ 950 ಕ್ಯಾಲರಿಗಿಂತ ಹೆಚ್ಚು. ಮೊದಲು ಉಗಿಯಲ್ಲಿ ಬೆಂದರೆ ತಿರುಳು ಕುಸಿದು ಆ ಗಾಳಿಯ ಗೂಡುಗಳು ಮುಚ್ಚಿಹೋಗುತ್ತವೆ, ಆಮೇಲೆ ಎಣ್ಣೆ ಕುಡಿಯುವುದಿಲ್ಲ. ಗುಟ್ಟು ಇಷ್ಟೇ.

ಅರ್ಧ ಕಿಲೋ ಎಳೆಯ, ಸಣ್ಣ ಕಾಯಿ ಆರಿಸಿ. ಬಲಿತ ಕಾಯಿಯಲ್ಲಿ ಬೀಜ ಜಾಸ್ತಿ, ಕಹಿ ಜಾಸ್ತಿ. ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿ ಉಪ್ಪು ನೀರಿನಲ್ಲಿ ಬಿಡಿ, ಕಪ್ಪಾಗುವುದಿಲ್ಲ. 50 ಗ್ರಾಂ ಹುರಿದ ಶೇಂಗಾ, ಒಂದೊಂದು ಊಟದ ಚಮಚ ಎಳ್ಳು ಮತ್ತು ಗುರೆಳ್ಳು, ಎರಡು ಚಮಚ ಒಣಕೊಬ್ಬರಿ, ಬೆಳ್ಳುಳ್ಳಿ, ಜೀರಿಗೆ, ಖಾರಪುಡಿ, ಅರಿಶಿಣ, ಸ್ವಲ್ಪ ಹುಣಸೆ, ನೆಲ್ಲಿಕಾಯಿಗಿಂತ ಸಣ್ಣ ತುಂಡು ಬೆಲ್ಲ, ಅಳೆದ ಉಪ್ಪು. ಎಲ್ಲ ತರಿತರಿಯಾಗಿ ರುಬ್ಬಿ ಕಾಯಿಯಲ್ಲಿ ತುಂಬಿ. ಬ್ಯಾಡಗಿ ಮೆಣಸಿನಕಾಯಿ ಪುಡಿ ಬಳಸಿದರೆ ಬಣ್ಣ ತಾನಾಗಿ ಬರುತ್ತದೆ. ಅದರಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ಎಣ್ಣೆ ತೇಲಿಸಿ ಬಣ್ಣ ತೋರಿಸಬೇಕಾದ ಅಗತ್ಯ ಬೀಳುವುದಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ 3 ಊಟದ ಚಮಚ ಎಣ್ಣೆ ಅಳೆದು ಹಾಕಿ. ಸಾಸಿವೆ ಸಿಡಿದ ಮೇಲೆ ಕಾಯಿ ಇಟ್ಟು ಉರಿ ಸಣ್ಣ ಮಾಡಿ. ಮೇಲೆ ತಾಟು ಮುಚ್ಚಿ ತಾಟಿನಲ್ಲಿ ನೀರು ಹಾಕಿ. ತಣ್ಣನೆಯ ತಾಟಿಗೆ ತಗುಲಿದ ಉಗಿ ಹನಿಯಾಗಿ ಕೆಳಗೆ ಬೀಳುತ್ತದೆ, ಮಸಾಲೆ ತಳ ಹಿಡಿಯುವುದಿಲ್ಲ. 7-8 ನಿಮಿಷಕ್ಕೆ ಒಮ್ಮೆ ಕಾಯಿ ಹೊರಳಿಸಿ, ಮತ್ತೆ ಅಷ್ಟೇ ಹೊತ್ತು ಬಿಡಿ. ತೊಟ್ಟಿನ ಹತ್ತಿರ ಚಾಕು ಸಲೀಸಾಗಿ ಇಳಿದರೆ ಬೆಂದಿದೆ. ಉಳಿದ ಮಸಾಲೆಗೆ ತಾಟಿನ ಮೇಲಿನ ಬಿಸಿನೀರನ್ನೇ ಬೆರೆಸಿ ಸುರಿದು ಐದು ನಿಮಿಷ ಕುದಿಸಿ. ಉರಿ ದೊಡ್ಡದಾದರೆ ಮಸಾಲೆ ಸೀಯುತ್ತದೆ, ಸೀದ ವಾಸನೆ ಬಂದ ಕೂಡಲೇ ಕೈ ಎಣ್ಣೆ ಡಬ್ಬಿ ಕಡೆ ಹೋಗುತ್ತದೆ. ಡಬ್ಬಿಯನ್ನು ಒಲೆಯ ಹತ್ತಿರದಿಂದಲೇ ದೂರ ಇಡಿ.

ನಾಲ್ವರಿಗೆ ಹಂಚಿದರೆ ತಲಾ ಎಣ್ಣೆ 90 ಕ್ಯಾಲರಿ. ಮೊದಲ ಲೆಕ್ಕದಲ್ಲಿ 240 ಇತ್ತು. ಬೆಂಡೆಕಾಯಿ, ಹೀರೆಕಾಯಿ, ಚವಳಿಕಾಯಿ ಪಲ್ಯಕ್ಕೆ ಅರ್ಧ ಕಿಲೋಗೆ ಎರಡೇ ಊಟದ ಚಮಚ ಸಾಕು.

ರೊಟ್ಟಿ ಎಷ್ಟು, ಅನ್ನ ಎಷ್ಟು

ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ಎಂಬ ಮಾತು ಅರ್ಧ ನಿಜ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 340 ಕ್ಯಾಲರಿ ಇದೆ, ಗೋಧಿಹಿಟ್ಟಿನಲ್ಲೂ ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ರೊಟ್ಟಿಯ ಲಾಭ ಬೇರೆ ಕಡೆ ಇದೆ. ಜೋಳದಲ್ಲಿ ನಾರು ಅಕ್ಕಿಗಿಂತ ಬಹಳ ಹೆಚ್ಚು. ರೊಟ್ಟಿ ಬಡಿಯುವುದಕ್ಕೆ ನೀರು ಸಾಕು, ಚಪಾತಿಯಂತೆ ಎಣ್ಣೆ ಬೇಡ. ಅಗಿದು ತಿನ್ನಬೇಕಾದ್ದರಿಂದ ಹೊಟ್ಟೆ ತುಂಬಿದ್ದು ಸಮಯಕ್ಕೆ ಸರಿಯಾಗಿ ಗೊತ್ತಾಗುತ್ತದೆ.

ಒಂದು ದಿನ ನಿಮ್ಮ ಮನೆಯ ಹಿಟ್ಟಿನ ಉಂಡೆಯನ್ನು ತೂಕ ಮಾಡಿ. ಅರ್ಧದಷ್ಟು ನೀರೆಂದು ಹಿಡಿಯಿರಿ. 120 ಗ್ರಾಂ ಉಂಡೆ ಎಂದರೆ 60 ಗ್ರಾಂ ಹಿಟ್ಟು, ಒಂದು ರೊಟ್ಟಿಗೆ 200 ಕ್ಯಾಲರಿ. ಮೂರು ರೊಟ್ಟಿ ತಿಂದರೆ 600 ಆಯಿತು. ಅದರ ಮೇಲೆ 'ಅನ್ನ ಉಣ್ಣಲಿಲ್ಲಂದ್ರ ಊಟ ಆಗಂಗಿಲ್ಲ' ಎಂದು ಎರಡು ಸೌಟು ಹಾಕಿಸಿಕೊಂಡರೆ ಇನ್ನೊಂದು 250-300. ತಪ್ಪುವುದು ಇಲ್ಲಿ. ರೊಟ್ಟಿ ಊಟ ಮುಗಿದಿರುತ್ತದೆ, ಅನ್ನ ಎರಡನೇ ಊಟವಾಗಿ ಬರುತ್ತದೆ.

ಕುಳಿತು ಕೆಲಸ ಮಾಡುವವರು ಒಂದು ಹೊತ್ತಿಗೆ ಎರಡು ರೊಟ್ಟಿ, ಅರ್ಧ ಬಟ್ಟಲು ಅನ್ನ ಎಂದು ನಿಗದಿ ಮಾಡಿಕೊಳ್ಳಿ. ಅನ್ನ ಬೇಕೇ ಬೇಕೆನ್ನುವವರು ಒಂದು ರೊಟ್ಟಿ, ಒಂದು ಬಟ್ಟಲು ಅನ್ನ. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರಿಗೆ ಮೂರ್ನಾಲ್ಕು ರೊಟ್ಟಿ ಬೇಕು. ತೊಂದರೆ ಆಗುವುದು ಹೊಲ ಬಿಟ್ಟು ಅಂಗಡಿಯಲ್ಲಿ, ಆಫೀಸಿನಲ್ಲಿ ಕೂತ ಮೇಲೂ ಹೊಲದ ಊಟವೇ ಮುಂದುವರಿದಾಗ.

ಖಡಕ್ ರೊಟ್ಟಿ ನೋಡಲು ಹಗುರ. ನೀರು ಆರಿಹೋಗಿದೆ, ಹಿಟ್ಟು ಹಾಗೆಯೇ ಇದೆ. ಎಣಿಸದೆ ಕಟಂ ಕುಟುಂ ಎಂದು ಐದು ತಿಂದರೆ ಮೂರು ಬಿಸಿರೊಟ್ಟಿಗಿಂತ ಕಡಿಮೆಯೇನಲ್ಲ.

ಮೆತ್ತಗಾಗಲಿ ಎಂದು ಜೋಳಕ್ಕೆ ಅಕ್ಕಿಯನ್ನೋ ಮೈದಾವನ್ನೋ ಬೆರೆಸುವ ರೂಢಿ ಕೆಲವು ಮನೆಗಳಲ್ಲಿದೆ. ಬೇಡ. ರೊಟ್ಟಿ ಹರಿಯುವುದಕ್ಕೆ ಹೆಚ್ಚಾಗಿ ಕಾರಣ ಹಳೆಯ ಹಿಟ್ಟು ಅಥವಾ ತಣ್ಣೀರು. ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಅರೆಬೆಂದು ಅಂಟಾಗುತ್ತದೆ, ರೊಟ್ಟಿ ಹಿಡಿದು ನಿಲ್ಲುವುದು ಆ ಅಂಟಿನಿಂದ. ಗಿರಣಿಗೆ ಒಮ್ಮೆಗೇ ಹತ್ತು ಕಿಲೋ ಕೊಡದೆ ಎರಡು ವಾರಕ್ಕೆ ಸಾಕಾಗುವಷ್ಟೇ ಬೀಸಿಸಿ. ಹಿಟ್ಟು ಕಹಿಯಾದರೆ ಜನ ರೊಟ್ಟಿ ಬಿಟ್ಟು ಅನ್ನಕ್ಕೆ ಹೋಗುತ್ತಾರೆ.

ನವಣೆ, ಸಾವೆಯಂಥ ಸಿರಿಧಾನ್ಯದ ಬಗ್ಗೆಯೂ ಜೋಳಕ್ಕೆ ಹೇಳಿದ್ದೇ ಮಾತು. ನಾರು ಉಳಿದಿರುವ, ತೀರಾ ಪಾಲಿಶ್ ಮಾಡದ ನವಣೆ ಅಕ್ಕಿ, ಸಾವೆ ಅಕ್ಕಿ ಸಿಕ್ಕರೆ ಒಳ್ಳೆಯದು. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ಅಳತೆ ನೀರಿಟ್ಟು ಬೇಯಿಸಿ. ಆದರೆ ಕ್ಯಾಲರಿ ಅಕ್ಕಿಗೆ ಹತ್ತಿರ ಹತ್ತಿರ. ಸಿರಿಧಾನ್ಯ ಎಂದು ಎರಡು ಬಟ್ಟಲು ಉಂಡರೆ ಸಕ್ಕರೆ ಕಾಯಿಲೆ ಇದ್ದವರ ರಕ್ತದ ಸಕ್ಕರೆ ಏರುತ್ತದೆ.

ಬ್ಯಾಳಿ ತಳದಲ್ಲಿ ಉಳಿಯುತ್ತದೆ

ರೊಟ್ಟಿ, ಅನ್ನ ಕಡಿಮೆ ಮಾಡಿ ಆ ಜಾಗವನ್ನು ಖಾಲಿ ಬಿಟ್ಟರೆ ಸಂಜೆ ಐದಕ್ಕೆ ಹಸಿವು ಹಿಡಿದು ಜಗ್ಗುತ್ತದೆ. ಆ ಜಾಗಕ್ಕೆ ಕಾಳು ಬರಬೇಕು. ಎಣ್ಣೆಯ ಲೆಕ್ಕ ಹೇಳಿದ ಅದೇ ಮಾರ್ಗಸೂಚಿ ದಿನಕ್ಕೆ 85 ಗ್ರಾಂ ಬೇಳೆಕಾಳು, 300 ಮಿ.ಲೀ. ಹಾಲು ಅಥವಾ ಮೊಸರು, 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು ಎನ್ನುತ್ತದೆ. ಧಾನ್ಯ ಬರೀ 250 ಗ್ರಾಂ. ನಮ್ಮ ಬಹಳಷ್ಟು ಮನೆಗಳಲ್ಲಿ ಧಾನ್ಯ ಇದಕ್ಕಿಂತ ಬಹಳ ಹೆಚ್ಚು, ಕಾಳು ಇದರ ಅರ್ಧವೂ ಇರುವುದಿಲ್ಲ.

ಒಬ್ಬರಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇರುವವರಿಗೆ 50 ಗ್ರಾಂ. ಎರಡು ರೊಟ್ಟಿಯಿಂದ 12, 40 ಗ್ರಾಂ ಮಡಿಕೆಕಾಳು ಅಥವಾ ಹೆಸರುಕಾಳಿನಿಂದ 9, 25 ಗ್ರಾಂ ತೊಗರಿಬ್ಯಾಳಿಯಿಂದ 5, ಹಾಲು-ಮೊಸರಿನಿಂದ 9, ಒಂದು ಹಿಡಿ ಶೇಂಗಾದಿಂದ 6, ಸ್ವಲ್ಪ ಅನ್ನದಿಂದ 4. ಒಟ್ಟು 45. ತತ್ತಿ ತಿನ್ನುವವರಿಗೆ ಒಂದು ತತ್ತಿಯಿಂದ ಇನ್ನಾರು ಸೇರಿ ಲೆಕ್ಕ ಪೂರ್ತಿ. ತಿನ್ನದವರು ಕಾಳನ್ನು 60 ಗ್ರಾಂಗೆ ಏರಿಸಿದರೆ ಆಯಿತು.

ಸಾರಿನಿಂದ ಪ್ರೋಟೀನ್ ಸಿಗುತ್ತದೆ ಎಂದು ನಂಬಬೇಡಿ. ತಿಳಿಸಾರು ಬಡಿಸುವಾಗ ಸೌಟು ಮೇಲೆ ಮೇಲೆ ಓಡಾಡುತ್ತದೆ, ಬ್ಯಾಳಿ ತಳದಲ್ಲೇ ಉಳಿಯುತ್ತದೆ. ಸೌಟನ್ನು ತಳಮುಟ್ಟ ಕಲಕಿ ಬಡಿಸಿ. ಅದಕ್ಕಿಂತ ಒಳ್ಳೆಯದು, ದಿನಕ್ಕೊಂದು ಹೊತ್ತು ಗಟ್ಟಿಯಾದ ಕಾಳಪಲ್ಯ ಕಡ್ಡಾಯ ಮಾಡುವುದು: ಮಡಿಕೆ, ಹೆಸರು, ಅಲಸಂದಿ, ಹುರುಳಿ ಸರದಿಯಂತೆ. ರಾತ್ರಿ ನೆನೆಸಿ ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ 10-12 ಗಂಟೆಗೆ, ಚಳಿಗಾಲದಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ. ಗಂಟು ಬಿಗಿಯಾದರೆ, ನೀರು ಪೂರ್ತಿ ಬಸಿಯದಿದ್ದರೆ ಲೋಳೆಯಾಗಿ ವಾಸನೆ ಹಿಡಿಯುತ್ತದೆ. ಮೊಳಕೆ ಬಂದಾಗ ಕಬ್ಬಿಣಾಂಶವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಇನ್ನಷ್ಟು ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಈ ಲಾಭ ಹೋಗುತ್ತದೆ, ಒಂದು ಗಂಟೆಯಾದರೂ ಅಂತರ ಇರಲಿ.

ಜುಣಕವೂ ಒಳ್ಳೆಯದೇ, ಕಡ್ಲಿಹಿಟ್ಟಿನಲ್ಲಿ ಪ್ರೋಟೀನ್ ಚೆನ್ನಾಗಿದೆ. ನಾಲ್ವರ ಜುಣಕಕ್ಕೆ ಎಣ್ಣೆ ಎರಡು ಊಟದ ಚಮಚ ದಾಟದಿರಲಿ.

ಇನ್ನು ಹಸಿ. ಉಳ್ಳಾಗಡ್ಡಿ, ಸೌತಿಕಾಯಿ, ಗಜ್ಜರಿ, ಮೂಲಂಗಿ, ಮೆಂತೆ ಸೊಪ್ಪು, ಹಕ್ಕರಕಿ ಸೊಪ್ಪು ಇವನ್ನೆಲ್ಲ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ನಮ್ಮ ಪದ್ಧತಿಗೆ ಸಾಟಿ ಇಲ್ಲ. ಇದನ್ನು ಊಟದ ಕೊನೆಗೆ ಉಳಿಸದೆ ಮೊದಲು ಶುರು ಮಾಡಿ. ಒಂದು ಬಟ್ಟಲು ಹಸಿ ಹೊಟ್ಟೆ ಸೇರಿದ ಮೇಲೆ ಮೂರನೇ ರೊಟ್ಟಿಗೆ ಕೈ ಹೋಗುವುದು ಕಡಿಮೆ. ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಮುಳುಗಿಸಿ ಮೇಲಕ್ಕೆತ್ತಿ, ನೀರು ಚೆಲ್ಲಿ, ಹೀಗೆ ಮೂರು ಸಲ ತೊಳೆಯಿರಿ. ನೀರಿನ ಜೊತೆ ಸೊಪ್ಪನ್ನೂ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೇ ಹತ್ತುತ್ತದೆ.

ಚಟ್ನಿಪುಡಿ, ಉಪ್ಪು

ಶೇಂಗಾ ಹಿಂಡಿ ಒಂದು ಊಟದ ಚಮಚಕ್ಕೆ 55 ಕ್ಯಾಲರಿ. ಅದರ ಮೇಲೆ ಎಣ್ಣೆ ಹಾಕಿ ಕಲಸಿದರೆ ಎರಡರಷ್ಟು ದಾಟುತ್ತದೆ. ಮೊಸರಿನಲ್ಲಿ ಕಲಸಿಕೊಳ್ಳಿ, ರುಚಿಗೇನೂ ಕೊರತೆ ಇಲ್ಲ. ಅಗಸಿ ಹಿಂಡಿಯಲ್ಲಿ ಒಮೇಗಾ-3 ಕೊಬ್ಬು ಇದೆ. ಅಗಸಿಯನ್ನು ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ಬೀಜ ಜೀರ್ಣವಾಗದೆ ಹಾಗೇ ಹೊರಟುಹೋಗುತ್ತದೆ. ಪುಡಿ ಮಾಡಿದ ಮೇಲೆ ಬೇಗ ಕಮಟು ಹಿಡಿಯುವುದರಿಂದ ಹದಿನೈದು ದಿನಕ್ಕೆ ಸಾಕಾಗುವಷ್ಟೇ ಮಾಡಿ.

ಉಪ್ಪು ತೂಕಕ್ಕಿಂತ ರಕ್ತದೊತ್ತಡದ ವಿಷಯ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಮಟ್ಟಸ ಚಹಾ ಚಮಚ. ನಾಲ್ವರಿಗೆ 20 ಗ್ರಾಂ. ಒಂದು ಕಿಲೋ ಪಾಕೀಟು 50 ದಿನ ಬರಬೇಕು. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ? ಪಾಕೀಟಿನ ಮೇಲೂ ತಾರೀಖು ಬರೆಯಿರಿ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರಾ, ಬ್ರೆಡ್ಡು, ಚಿಪ್ಸಿನ ಉಪ್ಪು ಈ ಲೆಕ್ಕದಿಂದ ಹೊರಗೇ ಇರುವುದರಿಂದ ಪಾಕೀಟು 60 ದಿನ ಬಂದರೆ ಇನ್ನೂ ಒಳ್ಳೆಯದು. ರೊಟ್ಟಿಯ ಹಿಟ್ಟಿಗೆ, ಅನ್ನಕ್ಕೆ, ಮಜ್ಜಿಗೆಗೆ ಉಪ್ಪು ನಿಲ್ಲಿಸುವುದು ಮೊದಲ ಹೆಜ್ಜೆ. ನಾಲಿಗೆ ಮೂರ್ನಾಲ್ಕು ವಾರದಲ್ಲಿ ಒಗ್ಗಿಕೊಳ್ಳುತ್ತದೆ.

ಚಹಾ ಮತ್ತು ಸಂಜೆಯ ತಾಟು

ಒಂದು ಚಹಾಕ್ಕೆ ಎರಡು ಚಮಚ ಸಕ್ಕರೆ, ಸುಮಾರು 10 ಗ್ರಾಂ. ದಿನಕ್ಕೆ ಐದು ಚಹಾ ಆದರೆ 50 ಗ್ರಾಂ, 200 ಕ್ಯಾಲರಿ. ದಿನವಿಡೀ ಎಲ್ಲ ಕಡೆಯಿಂದ ಸೇರಿ ಸಕ್ಕರೆ 25 ಗ್ರಾಂ ದಾಟಬಾರದು. ಒಮ್ಮೆಗೇ ಸಪ್ಪನ ಚಹಾ ಮಾಡಿದರೆ ಮೂರು ದಿನಕ್ಕೆ ಬೇಸರ ಬರುತ್ತದೆ. ವಾರಕ್ಕೆ ಕಾಲು ಚಮಚ ಇಳಿಸಿ. ಆರು ವಾರಕ್ಕೆ ಅರ್ಧ ಚಮಚಕ್ಕೆ ಬರುತ್ತೀರಿ, ಆಮೇಲೆ ಹಳೆಯ ಚಹಾ ಪಾನಕದಂತೆ ಅನಿಸುತ್ತದೆ. ಬೆಲ್ಲದ ಚಹಾಕ್ಕೆ ಬದಲಿಸಿದೆ ಎಂದು ಸಮಾಧಾನ ಪಡಬೇಡಿ, ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲರಿ ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲಿ ಚಹಾ ಕುದಿಯುವಾಗಲೇ ಸಕ್ಕರೆ ಬಿದ್ದಿರುತ್ತದೆ. 'ಸಕ್ಕರಿ ಬ್ಯಾರೆ ಕೊಡ್ರಿ' ಎಂದರೂ ಸಿಗದಿದ್ದರೆ ಬೈಟು ಮಾಡಿ. ಜೊತೆಗಿನ ಖಾರಿ ಮೈದಾ ಮತ್ತು ಡಾಲ್ಡಾದಿಂದ ಪದರ ಬಿಡಿಸಿದ್ದು. ಹಗುರ ಎಂಬುದು ಕೈಗೆ ಮಾತ್ರ.

ಹಾಲಿನಲ್ಲಿ ಸುಲಭದ ದಾರಿ ಇದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ಪಾಕೀಟು ಓದಿ ಕೊಳ್ಳಿ.

ಮಿರ್ಚಿ ಬಜಿ ಮತ್ತು ಗಿರಮಿಟ್, ಅಂದರೆ ಒಗ್ಗರಣೆಯಲ್ಲಿ ಕಲಸಿದ ಚುರಮರಿ (ಮಂಡಕ್ಕಿ), ಇವುಗಳ ವಿಷಯಕ್ಕೆ ಬರೋಣ. ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ, ಗದಗಿನ ಬಂಡಿಗಳ ಮುಂದೆ ಆ ವಾಸನೆ ಬಂದಾಗ ಮನುಷ್ಯನನ್ನು ತಡೆಯುವುದು ಸುಲಭವಲ್ಲ, ಪೂರ್ತಿ ಬಿಡಿ ಎಂದು ಹೇಳುವುದರಲ್ಲಿ ಅರ್ಥವೂ ಇಲ್ಲ. ಲೆಕ್ಕ ಮಾತ್ರ ಗೊತ್ತಿರಲಿ. ಒಂದು ದೊಡ್ಡ ಮಿರ್ಚಿಗೆ 25 ಗ್ರಾಂ ಕಡ್ಲಿಹಿಟ್ಟು, 7 ಗ್ರಾಂ ಎಣ್ಣೆ ಎಂದು ಹಿಡಿದರೆ 150 ಕ್ಯಾಲರಿ ದಾಟುತ್ತದೆ. ಎರಡು ಮಿರ್ಚಿ, ಒಂದು ತಾಟು ಗಿರಮಿಟ್, ಒಂದು ಚಹಾ ಸೇರಿದರೆ ಮೂರು ರೊಟ್ಟಿಯ ಲೆಕ್ಕ. ಆಮೇಲೆ ರಾತ್ರಿ ಒಂಬತ್ತೂವರೆಗೆ ಮನೆಯ ಊಟ ಇದ್ದಂತೆ ನಡೆಯುತ್ತದೆ. ದಿನಕ್ಕೆ ನಾಲ್ಕು ಊಟ ಆಯಿತೆಂದು ಯಾರೂ ಎಣಿಸುವುದಿಲ್ಲ.

ಚುರಮರಿಯ ತಪ್ಪು ಇದರಲ್ಲಿ ಕಡಿಮೆ. 30 ಗ್ರಾಂ ಚುರಮರಿ ತಾಟು ತುಂಬುತ್ತದೆ, ಕ್ಯಾಲರಿ 110. ಮನೆಯಲ್ಲಿ ಮಾಡುವಾಗ ನಾಲ್ವರಿಗೆ 120 ಗ್ರಾಂ ಚುರಮರಿ, ಒಂದೂವರೆ ಊಟದ ಚಮಚ ಎಣ್ಣೆಯ ಒಗ್ಗರಣೆ, ಅದರಲ್ಲಿ ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಸ್ವಲ್ಪ ಹುಣಸೆರಸ. ಅದು ಪೂರ್ತಿ ಆರಿದ ಮೇಲೆ ಕಲಸಿ. ಬಿಸಿ ಇರುವಾಗ ಕಲಸಿದರೆ ಚುರಮರಿ ಮುದ್ದೆಯಾಗುತ್ತದೆ. ಮೇಲೆ ನಾಲ್ಕು ಚಮಚ ಪುಠಾಣಿ ಹಿಟ್ಟು, ಒಂದು ಬಟ್ಟಲು ಮೊಳಕೆ ಹೆಸರು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಸೇವು ಬೇಡ. ಹೊರಗೆ ತಿನ್ನುವ ದಿನ ಮಿರ್ಚಿ ಒಂದಕ್ಕೆ ನಿಲ್ಲಿಸಿ, ರಾತ್ರಿ ರೊಟ್ಟಿಯನ್ನೂ ಒಂದಕ್ಕೆ ಇಳಿಸಿ. ಬಾಣಲೆಯ ಎಣ್ಣೆ ಕಪ್ಪಾಗಿದ್ದು ನೊರೆ ಕಟ್ಟುತ್ತಿದ್ದರೆ ಆ ಬಂಡಿಯನ್ನು ದಾಟಿ ಮುಂದೆ ನಡೆಯಿರಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು ದೇಹಕ್ಕೆ ಕೆಡುಕು ಮಾಡುವ ಪದಾರ್ಥಗಳಾಗಿ ಬದಲಾಗಿರುತ್ತದೆ.

ಮನೆಯಲ್ಲಿ ಕರಿಯುವವರಿಗೆ ಒಂದು ಮಾತು: ಎಣ್ಣೆ ಸರಿಯಾಗಿ ಕಾಯದಿದ್ದರೆ ಬಜಿ ಎಣ್ಣೆ ಕುಡಿಯುತ್ತದೆ. ಹಿಟ್ಟಿನ ಹನಿ ಬಿಟ್ಟ ಕೂಡಲೇ ಮೇಲೇಳಬೇಕು, ಆದರೆ ಕೆಂಪಾಗಬಾರದು. ಸೋಡಾ ಹೆಚ್ಚಾದರೆ ಹಿಟ್ಟು ತೂತು ತೂತಾಗಿ ಎಣ್ಣೆ ಇನ್ನಷ್ಟು ಹೀರುತ್ತದೆ.

ಉಪವಾಸ, ಹಬ್ಬ, ಬಡಿಸುವವರ ಕೈ

ಶ್ರಾವಣ ಸೋಮವಾರ, ಏಕಾದಶಿಯ ಉಪವಾಸದಲ್ಲಿ ತೂಕ ಏರುವವರಿದ್ದಾರೆ. ಸಾಬುದಾಣಿ ಬಹುತೇಕ ಬರೀ ಪಿಷ್ಟ, ನಾರೂ ಇಲ್ಲ ಪ್ರೋಟೀನೂ ಇಲ್ಲ. ಅದಕ್ಕೆ ಆಲೂಗಡ್ಡೆ, ಶೇಂಗಾಪುಡಿ, ತುಪ್ಪ ಸೇರಿದ ಖಿಚಡಿ ಒಂದು ತಾಟಿಗೆ 500 ಕ್ಯಾಲರಿ ಮೀರುವುದು ಸಲೀಸು. ಬದಲಿಗೆ ಪೇರಲ, ಬಾಳೆಹಣ್ಣು, ಮಜ್ಜಿಗೆ, ಒಂದು ಹಿಡಿ ಹುರಿದ ಶೇಂಗಾ ಸಾಕು. ಪಂಚಮಿ ಉಂಡಿ ತಿನ್ನದೆ ಇರಲಾಗುವುದಿಲ್ಲ. ಸಣ್ಣ ಉಂಡಿ ಕಟ್ಟಿ, 25 ಗ್ರಾಂನದು. ದಿನಕ್ಕೆ ಒಂದು, ಊಟ ಆದ ಮೇಲೆ, ಹಸಿದ ಹೊಟ್ಟೆಯಲ್ಲಿ ಬೇಡ. ಪೇಡಾಕ್ಕೂ ಇದೇ ನಿಯಮ.

ನಮ್ಮ ಕಡೆ ಬಡಿಸುವವರ ಒತ್ತಾಯ ಪ್ರೀತಿಯದು. 'ಇದೊಂದ್ ರೊಟ್ಟಿ ತಗೋಪಾ, ಬಿಸಿ ಐತಿ' ಎಂದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ತಾಟಿನಲ್ಲಿ ಅರ್ಧ ರೊಟ್ಟಿ ಇರುವಾಗಲೇ 'ಪಲ್ಯಾ ಹಾಕ್ರಿ ಅಕ್ಕಾರ, ಭಾಳ ಚಲೋ ಆಗೇತಿ' ಎಂದು ನೀವೇ ಕೇಳಿ. ಕಾಳಪಲ್ಯ ಎರಡನೇ ಸಲ ಹಾಕಿಸಿಕೊಂಡರೆ ಬಡಿಸಿದವರಿಗೂ ಸಂತೋಷ, ನಿಮ್ಮ ಲೆಕ್ಕವೂ ತಪ್ಪುವುದಿಲ್ಲ. ಖಾನಾವಳಿಯಲ್ಲಿ ಉಣ್ಣುವವರು ಪಲ್ಯದ ಬಟ್ಟಲನ್ನು ಎರಡು ನಿಮಿಷ ಓರೆಯಾಗಿ ಇಟ್ಟು, ಮೇಲೆ ನಿಂತ ಎಣ್ಣೆಯನ್ನು ಬಿಟ್ಟು ತಿನ್ನಬಹುದು.

ತೂಕ ಎಷ್ಟು ಇಳಿಯಬೇಕು

ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲರಿ. ದಿನಕ್ಕೆ 250 ಕಡಿಮೆಯಾದರೆ ತಿಂಗಳಿಗೆ ಒಂದು ಕಿಲೋ ಹತ್ತಿರ. ಎಣ್ಣೆಯಲ್ಲಿ ಉಳಿದ 135, ಚಹಾದಲ್ಲಿ ಉಳಿದ 150 ಸೇರಿದರೇ ಅದಕ್ಕಿಂತ ಹೆಚ್ಚಾಯಿತು, ರೊಟ್ಟಿಯನ್ನು ಇನ್ನೂ ಮುಟ್ಟಿಲ್ಲ. ಮೊದಲ ವಾರ ಒಂದೂವರೆ ಕಿಲೋ ಇಳಿದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ನೀರು. ಎರಡು-ಮೂರು ತಿಂಗಳಿಗೆ ಇಳಿಕೆ ನಿಧಾನವಾಗುವುದು ಸಹಜ, ಹಗುರಾದ ದೇಹಕ್ಕೆ ಬೇಕಾಗುವ ಕ್ಯಾಲರಿಯೂ ಕಡಿಮೆ. ಆಗ ಊಟ ಇನ್ನಷ್ಟು ಕಡಿತ ಮಾಡುವ ಮೊದಲು ಅಳತೆ ಚಮಚ ಮತ್ತೆ ಹೊರತೆಗೆಯಿರಿ. ಎಷ್ಟೋ ಮನೆಗಳಲ್ಲಿ ಅಷ್ಟರೊಳಗೆ ಕೈಯಂದಾಜು ಮರಳಿ ಬಂದಿರುತ್ತದೆ. ಊಟದ ನಂತರ 15-20 ನಿಮಿಷ ನಡೆದರೆ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ.

ತೂಕವನ್ನು ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ ನೋಡಿ. ದಿನದಿನ ನೋಡಿದರೆ ನಿನ್ನೆಯ ಉಪ್ಪಿನಕಾಯಿ ಹಿಡಿದಿಟ್ಟ ನೀರೂ ಕೊಬ್ಬಿನಂತೆ ಕಾಣುತ್ತದೆ.

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಔಷಧ ಹಳೆಯ ಅಳತೆಯಲ್ಲೇ ಇದ್ದು ಊಟ ಇಳಿದರೆ ಸಕ್ಕರೆ ಒಮ್ಮೆಲೇ ಬಿದ್ದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಮೂತ್ರಪಿಂಡದ ತೊಂದರೆ ಇರುವವರು ಕಾಳಿನ ಅಳತೆಯನ್ನು ತಾವಾಗಿ ಏರಿಸಬಾರದು. ಬಸುರಿಯರು, ಹಾಲುಣಿಸುವವರು ತೂಕ ಇಳಿಸಲು ಹೋಗಬಾರದು. ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ, ತಪಾಸಣೆ ಮಾಡಿಸಿ. ಬೆಳೆಯುವ ಮಕ್ಕಳಿಗೆ ರೊಟ್ಟಿ ಎಣಿಸಿ ಕೊಡಬೇಡಿ. ಅವರ ಕೈಯಿಂದ ಚಿಪ್ಸ್ ಪಾಕೀಟು ಮಾತ್ರ ತೆಗೆದು, ಶೇಂಗಾ-ಬೆಲ್ಲ ಇಡಿ.